ಹಳೇ ಚೈನ್ ಟ್ರ್ಯಾಕ್ಟರ್: ನೀರು ಸೇರಿದ ಆಯಿಲ್, ಜಪ್ಪಯ್ಯ ಅಂದರೂ ಬಿಚ್ಚದ ಪ್ಲಗ್

ಗೌಡ್ರೇ, ಫೋಟೋ ನೋಡಿದೆ. ಮಳೆಯಲ್ಲಿ ತೋಟದ ಅಂಚಿಗೆ ನಿಂತಿದ್ದ ಗಾಡಿ, ಫೈನಲ್ ಡ್ರೈವ್‌ನ (ಚೈನ್ ತಿರುಗಿಸುವ ಕೊನೆಯ ಗೇರ್ ಪೆಟ್ಟಿಗೆ) ಆಯಿಲ್ ಮಟ್ಟ ನೋಡುವ ಲೆವೆಲ್ ಪ್ಲಗ್ ಸಡಿಲಿಸಿದರೆ ಹಾಲು ಬೆರೆಸಿದ ಕಾಫಿಯಂಥ ಆಯಿಲ್ ಬರುತ್ತಿದೆ, ಕೆಳಗಿನ ಡ್ರೈನ್ ಪ್ಲಗ್ ಮಾತ್ರ ಅಲ್ಲಾಡುತ್ತಿಲ್ಲ, ಅಲ್ವಾ? ನಿಮ್ಮ ಪ್ರಶ್ನೆಗೆ ಕೆಲವರು ಸ್ಟಾರ್ಟ್ ಮಾಡಿ, ಸ್ವಲ್ಪ ಓಡಿಸಿ, ಬಿಸಿಯಾದ ಮೇಲೆ ಇಳಿಸಿ ಅಂದಿದ್ದಾರೆ. ಬರೀ ಹಳೆಯದಾದ ಆಯಿಲ್‌ಗೆ ಅದು ಸರಿ. ನೀರು ಸೇರಿದ್ದಕ್ಕೆ ಬೇಡ. ನೀರು ಆಯಿಲ್‌ಗಿಂತ ಭಾರ, ಗಾಡಿ ನಿಂತಷ್ಟೂ ತಳಕ್ಕೆ ಇಳಿದಿರುತ್ತದೆ. ಗೇರ್ ತಿರುಗಿಸಿದರೆ ಎಲ್ಲಾ ಮತ್ತೆ ಕಲಸಿ ಹೋಗುತ್ತದೆ, ಬೇರಿಂಗ್‌ಗೂ ಆ ನೀರೇ ಹೋಗುತ್ತದೆ. ಸುಮ್ನೆ ನಿಂತಲ್ಲೇ ಬಿಡಿ.

ಮೊದಲು ಮೇಲಿನ ಆಯಿಲ್ ಹಾಕುವ ಪ್ಲಗ್ ಬಿಚ್ಚುತ್ತದಾ ನೋಡಿ. ಅದು ಬಿಚ್ಚದೆ ಕೆಳಗಿನದ್ದನ್ನು ಮುಟ್ಟಲೇಬೇಡಿ. ಕೆಳಗೆ ಎಲ್ಲಾ ಸುರಿದು, ಹೊಸದು ಹಾಕಲು ದಾರಿಯೇ ಇಲ್ಲದಿದ್ದರೆ ಏನು ಮಾಡುತ್ತೀರಿ? ಬ್ಲೇಡ್ ನೆಲಕ್ಕೆ ಇಳಿಸಿರಿ, ಚೈನ್‌ಗೆ ಅಡ್ಡ ದಿಮ್ಮಿ ಇಡಿ, ಆಮೇಲೆ ಅಡಿಗೆ ಹೋಗಿ. ಈಗ ಜಿಗಣೆ ಕಾಲ ಬೇರೆ.

ಇನ್ನು ಪ್ಲಗ್. ಹಳೇ ಚೈನ್ ಗಾಡಿಗಳಲ್ಲಿ ಚೌಕದ ಗುಂಡಿ ಇರುವ ಪ್ಲಗ್ ಜಾಸ್ತಿ. ಆ ಗುಂಡಿಯೊಳಗೆ ಮಣ್ಣು, ಗ್ರೀಸ್ ಕಲ್ಲಿನಂತೆ ಗಟ್ಟಿಯಾಗಿರುತ್ತದೆ. ಮೊಳೆ ಹಾಕಿ ತಳ ಕಾಣುವವರೆಗೂ ಕೆರೆದು ತೆಗೆಯಿರಿ. ಇಲ್ಲದಿದ್ದರೆ ರಾಡ್ ಅರ್ಧವೇ ಕೂತು ಮೂಲೆ ತಿಂದುಬಿಡುತ್ತದೆ, ಅಲ್ಲಿಗೆ ಮುಗಿಯಿತು. ಅಳತೆ ತೆಗೆದುಕೊಂಡು ಹೋಗಿ ಲೇತ್ ಅಂಗಡಿಯಲ್ಲಿ ಗಟ್ಟಿ ಉಕ್ಕಿನ ಚೌಕದ ತುಂಡು ಬಿಗಿಯಾಗಿ ಕೂರುವ ಹಾಗೆ ಮಾಡಿಸಿ, ಅದಕ್ಕೆ ಉದ್ದ ಪೈಪ್ ಹಾಕಿ. ಪೈಪ್ ಪಾನಾದಲ್ಲಿ ಕಚ್ಚಿ ಎಳೆಯುವ ಕೆಲಸ ನನಗೆ ಇಷ್ಟವಿಲ್ಲ, ಪ್ಲಗ್‌ಗಿಂತ ಮೊದಲು ನಿಮ್ಮ ಮೊಣಕೈ ಹೋಗುತ್ತದೆ.

ತುಕ್ಕು ಬಿಡಿಸಲು ಎಟಿಎಫ್ (ಆಟೋಮ್ಯಾಟಿಕ್ ಗೇರ್‌ಬಾಕ್ಸ್‌ಗೆ ಹಾಕುವ ಆಯಿಲ್), ಅಸಿಟೋನ್ ಸಮಸಮ ಬೆರೆಸಿ ಹಚ್ಚಿ, ಬೆಂಕಿ ಹತ್ತಿರ ಇರಬಾರದು. ಪ್ಲಗ್ ಕೆಳಮುಖ ಇದ್ದರೆ ಹಚ್ಚಿದ್ದೆಲ್ಲಾ ಸುರಿದು ಹೋಗುತ್ತದೆ, ಅದಕ್ಕೇ ನೆನೆಸಿದ ಬಟ್ಟೆ ಒತ್ತಿ ಕಟ್ಟಿ ರಾತ್ರಿ ಬಿಡಿ. ಬೆಳಿಗ್ಗೆ ಪ್ಲಗ್ ಮುಖಕ್ಕೆ ದಪ್ಪ ಡ್ರಿಫ್ಟ್ (ಮೊಂಡು ಲೋಹದ ತುಂಡು) ಇಟ್ಟು ಸುತ್ತಿಗೆಯಲ್ಲಿ ನಾಲ್ಕು ಪೆಟ್ಟು ನೇರಕ್ಕೆ ಕೊಡಿ, ಪಕ್ಕದ ಹೌಸಿಂಗ್‌ಗೆ ತಗಲಬಾರದು, ಅದು ಎರಕದ್ದು, ಸೀಳುತ್ತದೆ. ಆಮೇಲೆ ಬಿಚ್ಚುವ ಮೊದಲು ಒಂದು ಕೂದಲಿನಷ್ಟು ಬಿಗಿ ಮಾಡಿ ನೋಡಿ. ಬಿಗಿಯಾಗುವ ಕಡೆ ಅಲ್ಲಾಡಿದರೆ ಬಿಚ್ಚುವ ಕಡೆಯೂ ಬರುತ್ತದೆ. ಅಡಿಯಲ್ಲಿ ಮಲಗಿದಾಗ ಎಡ ಬಲ ಗೊಂದಲ ಆಗುವುದು ಸಹಜ, ಪ್ಲಗ್ ಮುಖ ನೋಡಿಕೊಂಡೇ ತಿರುಗಿಸಿ.

ಇಷ್ಟಕ್ಕೂ ಬಗ್ಗದಿದ್ದರೆ ಶಾಖ. ಪ್ಲಗ್‌ಗಲ್ಲ, ಸುತ್ತಲಿನ ಹೌಸಿಂಗ್‌ಗೆ, ನಿಧಾನಕ್ಕೆ. ಒಳಗೆ ನೀರಿದೆ, ಆವಿ ಆಗುತ್ತದೆ, ಮೇಲಿನ ಪ್ಲಗ್ ತೆಗೆದೇ ಇರಬೇಕು. ಆಯಿಲ್‌ಗೆ ಡೀಸೆಲ್ ವಾಸನೆ ಇದ್ದರೆ ಬೆಂಕಿ ಬೇಡವೇ ಬೇಡ. ಬಿಸಿ ಮಾಡಿ ನೀರು ಸುರಿದು ತಣಿಸಬೇಡಿ. ಮೂಲೆ ಹೋದ ಪ್ಲಗ್‌ಗೆ ನಟ್ ವೆಲ್ಡ್ ಮಾಡಿ ತೆಗೆಯುವುದು ಒಳ್ಳೆ ಉಪಾಯ, ಆದರೆ ಬ್ಯಾಟರಿ ಕಳಚಿ, ವೆಲ್ಡಿಂಗ್ ಅರ್ತ್ ಪ್ಲಗ್ ಪಕ್ಕದಲ್ಲೇ ಕಚ್ಚಿಸಿ. ದೂರದಲ್ಲೆಲ್ಲೋ ಕಚ್ಚಿಸಿದರೆ ಕರೆಂಟ್ ಬೇರಿಂಗ್ ಮೂಲಕ ಹಾದು ಗುಳಿ ಬೀಳುತ್ತದೆ.

ಸಡಿಲವಾದ ಕೂಡಲೇ ಪೂರ್ತಿ ತೆಗೆಯಬೇಡಿ. ಒಂದೆರಡು ಸುತ್ತು ಬಿಟ್ಟು ತೊಟ್ಟಿಕ್ಕಲು ಬಿಡಿ, ಮೊದಲು ನೀರೇ ಬರುತ್ತದೆ, ಅದನ್ನು ಬೇರೆ ಡಬ್ಬಕ್ಕೆ ಹಿಡಿಯಿರಿ. ಆಯಿಲ್ ಶುರುವಾದ ಮೇಲೆ ಪೂರ್ತಿ ಇಳಿಸಿ, ತಳದ ಕೆಸರು ಬೆರಳಲ್ಲಿ ಉಜ್ಜಿ, ಆಯಸ್ಕಾಂತ ಆಡಿಸಿ ನೋಡಿ. ಬೂದಿಯಂಥ ನುಣ್ಣನೆ ಪುಡಿ ಸಾಮಾನ್ಯ, ಲೋಹದ ಚೂರು ಸಿಕ್ಕರೆ ಒಳಗೆ ಗೇರ್ ಹಲ್ಲೋ ಬೇರಿಂಗೋ ಹೋಗಿದೆ.

ತೊಳೆಯಲು ಡೀಸೆಲ್‌ಗೆ ಸ್ವಲ್ಪ ಇಂಜಿನ್ ಆಯಿಲ್ ಬೆರೆಸಿ ಹಾಕಿ, ಲೋಡ್ ಇಲ್ಲದೆ ಮೊದಲ ಗೇರ್‌ನಲ್ಲಿ ಕೆಲವೇ ಅಡಿ ಹಿಂದೆ ಮುಂದೆ ಆಡಿಸಿ ಇಳಿಸಿ. ಅದರಲ್ಲೇ ಕೆಲಸ ಮಾಡಬೇಡಿ. ಪ್ಲಗ್‌ದು ಟೇಪರ್ ಥ್ರೆಡ್ (ತುದಿಗೆ ಸಣ್ಣದಾಗುತ್ತಾ ಹೋಗುವುದು) ಆಗಿದ್ದರೆ ವಾಷರ್ ಬೇಡ, ಥ್ರೆಡ್‌ಗೆ ಸೀಲೆಂಟ್ ಸಾಕು, ಜಾಸ್ತಿ ಬಿಗಿದರೆ ಹೌಸಿಂಗ್ ಸೀಳುತ್ತದೆ. ನೇರ ಥ್ರೆಡ್ ಆದರೆ ಹೊಸ ತಾಮ್ರದ ವಾಷರ್. ಆಯಿಲ್ ಗ್ರೇಡ್ ಮಾನ್ಯುಯಲ್ ನೋಡಿ ಹಾಕಿ.

ಇಂಜಿನ್ ಸಂಪ್‌ನಲ್ಲೂ (ಇಂಜಿನ್ ತಳದ ಆಯಿಲ್ ತೊಟ್ಟಿ) ಆಯಿಲ್ ಇದೇ ಬಣ್ಣ ಇದ್ದರೆ ಕಥೆ ಬೇರೆ. ರೇಡಿಯೇಟರ್ ನೀರು ಇಳಿದಿದೆಯಾ ನೋಡಿ, ಹೆಡ್ ಗ್ಯಾಸ್ಕೆಟ್ ಅಥವಾ ಸಿಲಿಂಡರ್ ಲೈನರ್‌ನ ಓರಿಂಗ್ (ರಬ್ಬರ್ ಸೀಲ್) ಹೋಗಿರಬಹುದು. ಅನುಮಾನ ಇದ್ದರೆ ಬಿಸಿ ಕಬ್ಬಿಣದ ತಟ್ಟೆ ಮೇಲೆ ಒಂದು ಹನಿ ಹಾಕಿ, ಚಟಪಟ ಅಂದರೆ ನೀರಿದೆ.

ಹಳೇ ಆಯಿಲ್ ಹಳ್ಳಕ್ಕೆ ಚೆಲ್ಲಬೇಡಿ. ಮೂಡಿಗೆರೆ ಕಡೆಯ ಹಳ್ಳ ಎಷ್ಟೋ ಹೇಮಾವತಿ ಸೇರಿ ಗೊರೂರು ಅಣೆಕಟ್ಟಿಗೆ ಹೋಗುತ್ತವೆ. ಕ್ಯಾನ್‌ನಲ್ಲಿಟ್ಟು ಹಳೇ ಆಯಿಲ್ ಕೊಳ್ಳುವವರಿಗೆ ಕೊಡಿ.

ಬ್ರೀದರ್ (ಗಾಳಿ ಆಡುವ ಕಿಂಡಿ) ಇದ್ದರೆ ತೊಳೆಯಿರಿ, ಗೇರ್ ಲಿವರ್‌ನ ರಬ್ಬರ್ ಬೂಟ್ ಹರಿದಿದ್ದರೆ ಬದಲಿಸಿ, ಮಳೆ ನೀರು ಅಲ್ಲಿಂದ ಗೇರ್‌ಬಾಕ್ಸ್‌ಗೂ ಇಳಿಯುತ್ತದೆ. ಹೊಸ ಆಯಿಲ್ ಹಾಕಿ ಒಂದು ದಿನ ಕೆಲಸ ಮಾಡಿಸಿ, ರಾತ್ರಿ ನಿಲ್ಲಿಸಿ, ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ಡ್ರೈನ್ ಪ್ಲಗ್ ಸ್ವಲ್ಪ ಸಡಿಲಿಸಿ ನೋಡಿ. ಮತ್ತೆ ನೀರು ಬಂದರೆ ಸೀಲ್ ಹೋಗಿದೆ, ಗಾಡಿ ಬಿಚ್ಚಲೇಬೇಕು.