ನಿಮ್ಮ ವಿಲನ್‌ಗೆ ಈಗ ಏನು ಬೇಕು?

ಅನಾಥ, ಊರು ಕಳೆದುಕೊಂಡವನು, ತಮ್ಮನ ಸಾವನ್ನು ಕಣ್ಣಾರೆ ಕಂಡವನು. ಈ ಮೂರರಲ್ಲಿ ಯಾವ ಹಿನ್ನೆಲೆ ಕೊಟ್ಟರೆ ನಿಮ್ಮ ಕಾಮಿಕ್ಸ್‌ನ ವಿಲನ್, ಜಪಾನಿನ ಅನಿಮೆ (ಕಾರ್ಟೂನ್ ಸರಣಿ), ಮಾಂಗಾ (ಕಾಮಿಕ್ಸ್) ವಿಲನ್‌ಗಳ ಹಾಗೆ ಮನಸ್ಸಲ್ಲಿ ಉಳಿಯುತ್ತಾನೆ ಎಂದು ಕೇಳಿದ್ದೀರಿ. ಓದಿದ ಕೂಡಲೇ ಎದೆ ಧಸಕ್ಕೆಂದಿತು. 2019ರಲ್ಲಿ ನಾನೂ ಇದೇ ಪಟ್ಟಿ ಹಿಡಿದುಕೊಂಡು ಕೂತಿದ್ದೆ. ನಿಮ್ಮ ಎರಡನೆಯದನ್ನೇ ಆರಿಸಿಕೊಂಡೆ. ಎರಡು ವರ್ಷದ ರಾತ್ರಿಗಳು ಅದಕ್ಕೇ ಹೋದವು.

ಮುಂದೆ ‘ಡೀಮನ್ ಸ್ಲೇಯರ್’, ‘ಮಾನ್‌ಸ್ಟರ್’, ‘ಫುಲ್‌ಮೆಟಲ್ ಆಲ್ಕೆಮಿಸ್ಟ್’ ಈ ಮೂರರ ಕಥೆಯ ಗುಟ್ಟುಗಳು ಬರುತ್ತವೆ. ನೋಡದವರು ಮೊದಲು ಅವನ್ನು ನೋಡಿ, ಆಮೇಲೆ ಇಲ್ಲಿಗೆ ಬನ್ನಿ.

ನಾನು ಶಿವಮೊಗ್ಗದಲ್ಲಿ ಫ್ಲೆಕ್ಸ್ ಡಿಸೈನ್ ಮಾಡುವವನು. ಹಗಲೆಲ್ಲ ಹುಟ್ಟುಹಬ್ಬದ ಶುಭಾಶಯ, ಗೃಹಪ್ರವೇಶ, ಶ್ರದ್ಧಾಂಜಲಿ. ರಾತ್ರಿ ಊಟ ಆದಮೇಲೆ ನನ್ನ ಕಾಮಿಕ್ಸ್. ಆ ವರ್ಷ ಆಗಸ್ಟ್‌ನಲ್ಲಿ ‘ಡೀಮನ್ ಸ್ಲೇಯರ್’ 19ನೇ ಎಪಿಸೋಡ್ ಬಂತು. ನತಾಗುಮೊ ಬೆಟ್ಟದ ಜೇಡ ರಾಕ್ಷಸ ರೂಯಿ ಜೊತೆಗಿನ ಹೋರಾಟ. ಅದಾದಮೇಲಿನ ಎಪಿಸೋಡ್‌ಗಳಲ್ಲಿ ಅವನು ಸಾಯುತ್ತಾ ತನ್ನ ಅಪ್ಪ ಅಮ್ಮನನ್ನು ನೆನೆಯುವುದು. ಅವನನ್ನು ಕೊಲ್ಲಲು ಬಂದಿದ್ದ ಅಪ್ಪ ಅಮ್ಮ ಅವರು, ಅವನೇ ಕೊಂದ ಅಪ್ಪ ಅಮ್ಮ. ಮಗನ ಪಾಪಕ್ಕೆ ತಾವೂ ಜೊತೆಯಲ್ಲಿ ಸಾಯಬೇಕು ಅಂತ ಅವರು ಬಂದಿದ್ದರು ಎಂದು ಅವನಿಗೆ ಆಮೇಲೆ ಅರ್ಥವಾಗುತ್ತದೆ. ನಾನು ಹಾಸಿಗೆಯಲ್ಲಿ ಮಲಗಿ ಫೋನ್‌ನಲ್ಲಿ ನೋಡುತ್ತಿದ್ದೆ. ದಿಂಬು ಒದ್ದೆಯಾಯಿತು. ಆ ರಾತ್ರಿಯೇ ತೀರ್ಮಾನ ಮಾಡಿದೆ. ನನ್ನ ವಿಲನ್‌ಗಾಗಿಯೂ ಓದುವವರು ಅಳಬೇಕು.

ನಮ್ಮ ಕಡೆ ಮುಳುಗಡೆ ಅಂದರೆ ಸಾಕು, ಬಿಡಿಸಿ ಹೇಳಬೇಕಾಗಿಲ್ಲ. ಅಣೆಕಟ್ಟಿನ ನೀರಲ್ಲಿ ಊರು ಹೋದವನು ನನ್ನ ವಿಲನ್, ಕಲ್ಲೇಶ. ಅದೇ ಅಣೆಕಟ್ಟಿನ ಪವರ್‌ಹೌಸ್‌ನಲ್ಲಿ ಕೆಲಸ ಮಾಡುವ ಹುಡುಗಿ ವಾಣಿ ನಾಯಕಿ. ಒಟ್ಟು 64 ಪುಟ. ಐದನೇ ಪುಟದಲ್ಲಿ ಕಲ್ಲೇಶ ಅಣೆಕಟ್ಟಿನ ಮೇಲೆ ನಿಂತು ನೀರು ನೋಡುತ್ತಾನೆ. ಆರನೇ ಪುಟದಿಂದ ಫ್ಲ್ಯಾಶ್‌ಬ್ಯಾಕ್ ಶುರು. ಅದು ಮುಗಿಯುವುದು 29ನೇ ಪುಟಕ್ಕೆ. ಇಪ್ಪತ್ತನಾಲ್ಕು ಪುಟ! ಸರ್ವೆಯವರು ಬರುತ್ತಾರೆ, ಅಪ್ಪ ಪರಿಹಾರಕ್ಕೆ ಅಲೆಯುತ್ತಾನೆ, ಶಾಲೆಯ ಮೆಟ್ಟಿಲಿಗೆ ನೀರು ಬರುತ್ತದೆ, ಕಟ್ಟಿದ್ದ ಹಸುವಿನ ಹಗ್ಗ ಬಿಚ್ಚಲು ಹೋದ ಅಮ್ಮ ವಾಪಸ್ ಬರುವುದಿಲ್ಲ. ಆ ಹಗ್ಗದ ಗಂಟು ಒಂದನ್ನೇ ನಾನು ಒಂಬತ್ತು ಸಲ ಬಿಡಿಸಿದ್ದೆ. ಈಗಲೂ ಹೇಳುತ್ತೇನೆ, ಆ ಪುಟಗಳು ನಾನು ಬಿಡಿಸಿದ್ದರಲ್ಲೇ ಚಂದದವು.

ಚೀಟಿ ಎತ್ತಿದ ದುಡ್ಡಲ್ಲಿ 300 ಪ್ರತಿ ಅಚ್ಚು ಹಾಕಿಸಿದೆ. ಬೆಂಗಳೂರಲ್ಲಿ ಒಂದು ಕಾಮಿಕ್ಸ್ ಮೇಳದಲ್ಲಿ ಅರ್ಧ ಟೇಬಲ್ ಸಿಕ್ಕಿತು. ಮೊದಲ ದಿನ ಮಧ್ಯಾಹ್ನ ಹದಿನಾಲ್ಕು ಹದಿನೈದು ವರ್ಷದ ಒಬ್ಬ ಹುಡುಗಿ ಬಂದು, ನಿಂತಲ್ಲೇ ಓದಲು ಶುರು ಮಾಡಿದಳು. ಐದು ಪುಟ ನಿಧಾನವಾಗಿ ಓದಿದಳು. ಹತ್ತನೇ ಪುಟಕ್ಕೆ ಬಂದಾಗ ಹೆಬ್ಬೆರಳು ಪುಟದ ಅಂಚಿಗೆ ಹೋಯಿತು. ಸರಸರ ಅಂತ ಮುಂದಕ್ಕೆ ತಿರುವಿದಳು. ಮತ್ತೆ ಹಿಂದೆ ಬಂದಳು. ಮತ್ತೆ ಮುಂದೆ. ಕಥೆ ಎಲ್ಲಿ ಶುರುವಾಗುತ್ತದೆ ಅಂತ ಹುಡುಕುತ್ತಿದ್ದಳು. ಆಮೇಲೆ ತಲೆ ಎತ್ತಿ ಕೇಳಿದಳು.

“ಅಣ್ಣ, ಇವನು ಪಾಪ ಅನ್ಸುತ್ತೆ. ಆದ್ರೆ ಇವನಿಗೆ ಈಗ ಏನು ಬೇಕು?”

“ಸೇಡು” ಅಂದೆ.

“ಯಾರ ಮೇಲೆ?”

ನನ್ನ ಹತ್ತಿರ ಉತ್ತರ ಇರಲಿಲ್ಲ. ಅವಳು ಪುಸ್ತಕವನ್ನು ಉಳಿದವುಗಳ ಮೇಲೆ ನೀಟಾಗಿ ಇಟ್ಟು ಹೋದಳು. ಎರಡು ದಿನಕ್ಕೆ 38 ಪ್ರತಿ ಹೋದವು. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಗೆಳೆಯರೇ ತೆಗೆದುಕೊಂಡಿದ್ದು.

ನನ್ನ ತಪ್ಪು ಎಲ್ಲಿತ್ತು ಎಂದು ಬಿಡಿಸಿ ಹೇಳಬೇಕು, ಯಾಕೆಂದರೆ ನೀವು ಅದೇ ದಾರಿಯಲ್ಲಿದ್ದೀರಿ. ಫ್ಲ್ಯಾಶ್‌ಬ್ಯಾಕ್ ಉದ್ದ ಆಯಿತು ಅಂತ ಗೆಳೆಯರು ಹೇಳಿದರು. ಬರೀ ಉದ್ದದ ಸಮಸ್ಯೆ ಅಲ್ಲ ಅದು. ನಾಲ್ಕು ಪುಟಕ್ಕೆ ಇಳಿಸಿದ್ದರೂ ಸೋಲುತ್ತಿತ್ತು. ಕಲ್ಲೇಶ ಏನಾದರೂ ಮಾಡುವ ಮೊದಲೇ ನಾನು ಅವನ ಪರ ವಕಾಲತ್ತು ಮಾಡಿಬಿಟ್ಟಿದ್ದೆ. ಅವನ ಬಗ್ಗೆ ಹೆದರಿಕೆ ಹುಟ್ಟುವ ಮೊದಲೇ ಕನಿಕರ ಹುಟ್ಟಿಸಿದೆ. ಕನಿಕರ ಹುಟ್ಟಿದ ಮೇಲೆ ಹೆದರಿಕೆ ಬರಲ್ಲ. ಅವನು ಮುಂದೆ ಏನು ಮಾಡಿದರೂ ‘ಪಾಪ, ಅವನ ಅಮ್ಮ ಹಾಗೆ ಹೋದಳಲ್ಲ’ ಅನ್ನುವ ಮಾತು ಮೊದಲೇ ಸಿದ್ಧವಾಗಿರುತ್ತದೆ. ಓದುವವನಿಗೆ ತಾನೇ ತೂಗಿ ನೋಡಲು ಏನೂ ಉಳಿಯಲಿಲ್ಲ. ಅದರ ಮೇಲೆ, 64 ಪುಟದಲ್ಲಿ ದೊಡ್ಡವನಾದ ಕಲ್ಲೇಶ ಕಾಣಿಸುವುದು ಏಳೇ ಪುಟ. ಆ ಏಳರಲ್ಲಿ ಅವನು ಕೂಗುತ್ತಾನೆ, ಓಡುತ್ತಾನೆ, ಸೋಲುತ್ತಾನೆ. ವಾಣಿಗೂ ಅವನಿಗೂ ಇರುವ ನಂಟು ಒಂದೇ, ಅವಳು ಅವನನ್ನು ತಡೆಯಬೇಕು. ಬೇರೆ ಯಾರು ತಡೆದಿದ್ದರೂ ನಡೆಯುತ್ತಿತ್ತು.

ಇನ್ನೂ ಒಂದಿದೆ. ಅದನ್ನು ತೋರಿಸಿಕೊಟ್ಟಿದ್ದು ನಮ್ಮ ಅಜ್ಜಿ. ಅವರು ಮುಳುಗಡೆಯಲ್ಲಿ ಮನೆ ಗದ್ದೆ ಎಲ್ಲ ಕಳೆದುಕೊಂಡು ಬಂದವರು. ಉಳಿದ ಪುಸ್ತಕದ ಕಟ್ಟುಗಳನ್ನು ಅಟ್ಟಕ್ಕೆ ಹಾಕುವಾಗ ಒಂದು ಪ್ರತಿ ತೆಗೆದು ಕನ್ನಡಕ ಹಾಕಿಕೊಂಡು ಪೂರ್ತಿ ನೋಡಿದರು. “ಊರು ಹೋಗಿದ್ದಕ್ಕೆ ಇವ ಹಿಂಗಾದ್ನಾ? ನಾವ್ಯಾಕೆ ಆಗ್ಲಿಲ್ಲ ಮಗಾ?” ಅಂದರು. ಕೋಪದಿಂದ ಕೇಳಲಿಲ್ಲ. ನಿಜವಾಗಿ ತಿಳಿಯಬೇಕು ಅಂತಲೇ ಕೇಳಿದ್ದು. ಊರು ಕಳೆದುಕೊಂಡ ಸಾವಿರಾರು ಜನ ಬೇರೆ ಕಡೆ ಹೋಗಿ ಗದ್ದೆ ಮಾಡಿದರು, ಅಂಗಡಿ ಇಟ್ಟರು, ಮಕ್ಕಳನ್ನು ಓದಿಸಿದರು. ಆ ನೋವು ಎಲ್ಲರದ್ದು. ಕಲ್ಲೇಶ ಒಬ್ಬನೇ ಬೇರೆ ಏನೋ ಆರಿಸಿಕೊಂಡ. ಅವನ ಗುಣ ಇರುವುದು ಆ ಆಯ್ಕೆಯಲ್ಲಿ. ನಾನು ನೋವನ್ನು ಇಪ್ಪತ್ತನಾಲ್ಕು ಪುಟ ಬಿಡಿಸಿ, ಆಯ್ಕೆಯನ್ನು ಬಿಟ್ಟುಬಿಟ್ಟಿದ್ದೆ.

ಆ ವಾರ ರೂಯಿಯ ಭಾಗವನ್ನು ಮತ್ತೆ ಮೊದಲಿಂದ ನೋಡಿದೆ, ಈ ಸಲ ನೋಟ್‌ಬುಕ್ ಹಿಡಿದು. ಮೊದಲ ಸಲ ಕಣ್ಣೀರಲ್ಲಿ ಕಾಣದೇ ಹೋದದ್ದು ಈಗ ಕಂಡಿತು. ರೂಯಿಗೆ ಏನು ಬೇಕು ಅನ್ನುವುದು ಶುರುವಿನಲ್ಲೇ ಗೊತ್ತಾಗುತ್ತದೆ. ಅವನಿಗೆ ಒಂದು ಮನೆ ಬೇಕು. ಬೇರೆ ರಾಕ್ಷಸರನ್ನು ಹೆದರಿಸಿ ನೀನು ಅಪ್ಪ, ನೀನು ಅಮ್ಮ, ನೀನು ಅಕ್ಕ ಅಂತ ಪಾತ್ರ ಹಂಚಿದ್ದಾನೆ. ತಪ್ಪಿದರೆ ಶಿಕ್ಷೆ. ಇದು ನಿಜವಾದ ನಂಟಲ್ಲ, ಸುಳ್ಳು ಎಂದು ಕಥೆಯ ನಾಯಕ ತಾಂಜಿರೊ ಹೇಳಿದ ಕೂಡಲೇ ರೂಯಿ ಕೆರಳುತ್ತಾನೆ. ತಾಂಜಿರೊನ ತಂಗಿ ನೆಜುಕೊ ಅಣ್ಣನಿಗಾಗಿ ಅಡ್ಡ ಬಂದು ಪೆಟ್ಟು ತಿಂದಾಗ, ನಿನ್ನ ತಂಗಿಯನ್ನು ನನಗೆ ಕೊಡು ಅನ್ನುತ್ತಾನೆ. ಅಂದರೆ ಅವನಿಗೆ ಬೇಕಾದ್ದು ನಾಯಕನ ಹತ್ತಿರ ಇರುವ ಒಂದೇ ಒಂದು ವಸ್ತು. ಇಷ್ಟೆಲ್ಲ ಆದಮೇಲೆ, ತಲೆ ಹೋದಮೇಲೆ, ಹಳೆಯ ಕಥೆ ಪೂರ್ತಿ ಬಿಚ್ಚಿಕೊಳ್ಳುತ್ತದೆ. ಅಷ್ಟರಲ್ಲಿ ನಾವು ಅವನಿಗೆ ಹೆದರಿದ್ದೇವೆ, ಅವನು ಸಾಯಲಿ ಅಂದುಕೊಂಡಿದ್ದೇವೆ. ಆ ಹಾರೈಕೆ ನಮ್ಮದೇ ಆದ್ದರಿಂದಲೇ ಗಂಟಲು ಕಟ್ಟುತ್ತದೆ. ನಾನು ಕದ್ದದ್ದು ಕಣ್ಣೀರನ್ನು. ಅದು ಯಾವ ಜಾಗದಲ್ಲಿ ಇತ್ತು ಅನ್ನುವುದನ್ನು ನೋಡಲೇ ಇಲ್ಲ.

ಹಾಗಾದರೆ ಹಳೆಯ ಕಥೆಯನ್ನು ಕೊನೆಯಲ್ಲಿ ಇಟ್ಟರೆ ಸಾಕಾ ಅಂತ ಕೇಳುತ್ತೀರಿ. ಅದು ಇಲ್ಲದೆಯೂ ನಡೆಯುತ್ತದೆ. ನಾಓಕಿ ಉರಾಸಾವಾ ಅವರ ‘ಮಾನ್‌ಸ್ಟರ್’ ಓದಿ. 1994ರಿಂದ 2001ರವರೆಗೆ ಬಂದ ಮಾಂಗಾ, 18 ಸಂಪುಟ. 74 ಎಪಿಸೋಡ್‌ಗಳ ಅನಿಮೆಯೂ ಇದೆ.

1986, ಜರ್ಮನಿಯ ಡ್ಯುಸೆಲ್‌ಡಾರ್ಫ್. ಕೆನ್‌ಜೊ ತೆನ್ಮಾ ಜಪಾನಿ ಮಿದುಳು ಶಸ್ತ್ರವೈದ್ಯ. ಒಂದು ರಾತ್ರಿ ಆಸ್ಪತ್ರೆಯ ನಿರ್ದೇಶಕನ ಮಾತು ಕೇಳಿ, ಮೊದಲು ಬಂದ ಟರ್ಕಿಯ ಕೂಲಿಯವನನ್ನು ಬಿಟ್ಟು ಒಬ್ಬ ಹೆಸರಾಂತ ಗಾಯಕನಿಗೆ ಆಪರೇಷನ್ ಮಾಡುತ್ತಾನೆ. ಕೂಲಿಯವನು ಸಾಯುತ್ತಾನೆ. ಅವನ ಹೆಂಡತಿ ಬಂದು, ನನ್ನ ಗಂಡನನ್ನು ವಾಪಸ್ ಕೊಡು ಅಂತ ತೆನ್ಮಾನ ಎದೆಗೆ ಗುದ್ದಿ ಅಳುತ್ತಾಳೆ. ಇನ್ನು ಹಾಗೆ ಮಾಡಬಾರದು ಅಂತ ಅವನು ಗಟ್ಟಿ ಮಾಡಿಕೊಂಡಿರುವಾಗ, ತಲೆಗೆ ಗುಂಡು ಬಿದ್ದ ಹುಡುಗನೊಬ್ಬ ಬರುತ್ತಾನೆ. ಹಿಂದೆಯೇ ಮೇಯರ್ ಬರುತ್ತಾನೆ. ಈ ಸಲ ತೆನ್ಮಾ ಹುಡುಗನನ್ನು ಉಳಿಸುತ್ತಾನೆ. ಮೇಯರ್ ಸಾಯುತ್ತಾನೆ. ತೆನ್ಮಾನ ಹುದ್ದೆ, ನಿಶ್ಚಯವಾಗಿದ್ದ ಮದುವೆ ಎರಡೂ ಹೋಗುತ್ತವೆ. ಪ್ರಜ್ಞೆ ಇಲ್ಲದೆ ಮಲಗಿದ್ದ ಆ ಹುಡುಗನ ಮುಂದೆ ಕೂತು, ನಿರ್ದೇಶಕ ಸತ್ತರೇ ಒಳ್ಳೆಯದು ಎಂದು ಹೊಟ್ಟೆಯ ಸಂಕಟ ಹೊರಹಾಕುತ್ತಾನೆ. ಸ್ವಲ್ಪ ದಿನದಲ್ಲೇ ನಿರ್ದೇಶಕ ವಿಷದಿಂದ ಸಾಯುತ್ತಾನೆ. ಹುಡುಗ ನಾಪತ್ತೆ. ಒಂಬತ್ತು ವರ್ಷ ಆದಮೇಲೆ ಅವನು ಯುವಕನಾಗಿ ಎದುರು ನಿಂತು, ತೆನ್ಮಾನ ರೋಗಿಯೊಬ್ಬನನ್ನು ಕಣ್ಣೆದುರೇ ಗುಂಡಿಟ್ಟು ಕೊಲ್ಲುತ್ತಾನೆ. ಅಂದು ನೀವು ಬಯಸಿದ್ದನ್ನೇ ಮಾಡಿದೆ ಎನ್ನುತ್ತಾನೆ. ಅವನೇ ಯೊಹಾನ್.

ತೆನ್ಮಾ ಬದುಕಲ್ಲಿ ಮಾಡಿದ ಅತಿ ಒಳ್ಳೆಯ ಕೆಲಸವೇ ಯೊಹಾನ್. ಎಲ್ಲರ ಜೀವವೂ ಒಂದೇ ಎಂದು ನಂಬಿ ಉಳಿಸಿದವನನ್ನು ಈಗ ಕೊಲ್ಲಬೇಕಾ? ಕೊಂದರೆ ಆ ನಂಬಿಕೆ ಸುಳ್ಳು. ಬಿಟ್ಟರೆ ಇನ್ನಷ್ಟು ಹೆಣ. ನಾಯಕನಿಗೆ ಉತ್ತರಿಸಲಾಗದ ಪ್ರಶ್ನೆಯೊಂದು ಮನುಷ್ಯನಾಗಿ ಓಡಾಡುತ್ತಿದೆ. ಹದಿನೆಂಟು ಸಂಪುಟ ಕೈಬಿಡದೆ ಓದಿಸಿದ್ದು ಇದೇ. ಯೊಹಾನ್ ಪುಟದ ಮೇಲೆ ಬರುವುದೇ ಕಡಿಮೆ. ಬಂದಾಗ ಮೆಲ್ಲಗೆ, ಮರ್ಯಾದೆಯಿಂದ ಮಾತಾಡುತ್ತಾನೆ. ಮುಖದಲ್ಲಿ ಗಾಯವಿಲ್ಲ, ಕಪ್ಪು ಕೋಟಿಲ್ಲ. ಕುಡಿತ ಬಿಟ್ಟ ಮಾಜಿ ಪೊಲೀಸ್ ಒಬ್ಬನನ್ನು ಅವನು ಹೇಗೆ ಮುಗಿಸುತ್ತಾನೆ ಗೊತ್ತಾ? ಕಟ್ಟಡದ ಮೇಲೆ ಪಕ್ಕದಲ್ಲಿ ನಿಂತು, ಅವನ ಹಳೆಯ ತಪ್ಪಿನ ಬಗ್ಗೆ ಮಾತಾಡುತ್ತಾನೆ. ಅಷ್ಟೇ.

ಅವನ ಬಾಲ್ಯದ ವಿವರ ಇಲ್ಲವೆಂದಲ್ಲ. ಪೂರ್ವ ಬರ್ಲಿನ್‌ನ ಒಂದು ಕ್ರೂರ ಅನಾಥಾಲಯ ಬರುತ್ತದೆ. ಓಹೋ, ಕಾರಣ ಇದು ಅಂದುಕೊಳ್ಳುತ್ತೇವೆ. ಆದರೆ ಅಲ್ಲಿಗೆ ಬರುವ ಹೊತ್ತಿಗೇ ಅವನು ಹಾಗಿದ್ದ ಎಂದು ಗೊತ್ತಾಗುತ್ತದೆ. ಇನ್ನೂ ಹಿಂದಕ್ಕೆ ಹೋದರೆ, ತನ್ನದೆಂದು ಅವನು ಹೊತ್ತುಕೊಂಡ ಒಂದು ಭಯಂಕರ ನೆನಪು ನಿಜಕ್ಕೂ ಅವನ ಅವಳಿ ತಂಗಿಯದು. ಒಂದು ಬಾಗಿಲು ತೆರೆದರೆ ಒಳಗೆ ಇನ್ನೊಂದು ಬಾಗಿಲು. ಉರಾಸಾವಾ ಹಿನ್ನೆಲೆಯನ್ನು ಪ್ರಶ್ನೆಯಾಗಿ ಬಳಸಿದರು. ನಾನು ಅದನ್ನೇ ಉತ್ತರ ಅಂದುಕೊಂಡಿದ್ದೆ.

ಹಿನ್ನೆಲೆಯೇ ಬೇಡ ಅನ್ನುವುದಕ್ಕೆ ಹಿರೊಮು ಅರಕಾವಾ ಅವರ ‘ಫುಲ್‌ಮೆಟಲ್ ಆಲ್ಕೆಮಿಸ್ಟ್’ನ ಶೌ ಟಕರ್ ಸಾಕು. ಬರುವುದು ತುಸು ಹೊತ್ತು, ಆದರೆ ನೋಡಿದವರು ಯಾರೂ ಅವನನ್ನು ಮರೆತಿಲ್ಲ. ಅವನಿಗೆ ಬೇಕಾದ್ದು ಸರ್ಕಾರಿ ಹುದ್ದೆ ಉಳಿಯುವುದು. ವರ್ಷದ ಪರೀಕ್ಷೆ ಹತ್ತಿರ ಬಂತು. ತೋರಿಸಲು ಏನೂ ಇಲ್ಲ. ಮಗಳು ನೀನಾಳನ್ನೂ ಮನೆಯ ನಾಯಿಯನ್ನೂ ರಸವಿದ್ಯೆಯಿಂದ ಸೇರಿಸಿ ಮಾತಾಡುವ ಒಂದು ಪ್ರಾಣಿ ಮಾಡಿಬಿಡುತ್ತಾನೆ. ಆಮೇಲೆ ಕಥೆಯ ನಾಯಕ ಎಡ್ವರ್ಡ್‌ಗೆ ಹೇಳುತ್ತಾನೆ, ನೀನೂ ನಾನೂ ಒಂದೇ ಅಂತ. ಸತ್ತ ಅಮ್ಮನನ್ನು ಎಬ್ಬಿಸಲು ಹೋದವನು ಎಡ್ವರ್ಡ್. ಅದಕ್ಕೇ ಅವನು ಟಕರ್‌ಗೆ ಅಷ್ಟು ಹೊಡೆಯುವುದು.

ಆದ್ದರಿಂದ ನಿಮ್ಮ ಮೂರು ಆಯ್ಕೆಗಳಲ್ಲಿ ನಾನು ಯಾವುದನ್ನೂ ಆರಿಸಿಕೊಡುವುದಿಲ್ಲ. ಪ್ರಶ್ನೆಯೇ ಸರಿ ಇಲ್ಲ. ಆ ಪಟ್ಟಿಯನ್ನು ಸದ್ಯ ಪಕ್ಕಕ್ಕಿಡಿ. ನಿಮ್ಮ ನಾಯಕ ಯಾವುದನ್ನು ಎದೆ ತಟ್ಟಿ ನಂಬಿದ್ದಾನೆ ಅಂತ ಒಂದು ಸಾಲು ಬರೆಯಿರಿ. ಆ ಸಾಲು ಅವನ ಬಾಯಲ್ಲೇ ನಾಚಿಕೆಯಾಗುವಂತೆ ಮಾಡಬಲ್ಲವನು ಯಾರು? ಅವನೇ ವಿಲನ್. ಅವನು ಬರುವ ಮೊದಲ ಪುಟದಲ್ಲೇ ಏನನ್ನೋ ಕೇಳಲಿ, ಅಥವಾ ಕಿತ್ತುಕೊಳ್ಳಲಿ. ಸುಮ್ನೆ ಎತ್ತರದಲ್ಲಿ ನಿಂತು ಗಾಳಿಗೆ ಕೂದಲು ಹಾರಿಸುವ ಪ್ಯಾನೆಲ್ (ಚಿತ್ರದ ಚೌಕ) ಬೇಡ. ನಾನು ಅದನ್ನು ಇಡೀ ಪುಟಕ್ಕೆ ಬಿಡಿಸಿದ್ದೆ. ಯಾರೂ ಅಲ್ಲಿ ಒಂದು ಕ್ಷಣ ನಿಲ್ಲಲಿಲ್ಲ.

ಈಗ ಕಲ್ಲೇಶನನ್ನು ಮತ್ತೆ ಬಿಡಿಸುತ್ತಿದ್ದೇನೆ. ಅವನಿಗೆ ಬೇಕಾದ್ದು ಈಗ ನನಗೆ ಗೊತ್ತು. ಒಂದು ರಾತ್ರಿ, ಒಂದೇ ಒಂದು ರಾತ್ರಿ, ಆ ನೀರಿನಿಂದ ಉರಿಯುವ ಪ್ರತಿ ದೀಪವೂ ಆರಬೇಕು. ಆಸ್ಪತ್ರೆಯದ್ದೂ ಸೇರಿ. ವಾಣಿ ಚಿಕ್ಕಂದಿನಲ್ಲಿ ಓದಿದ್ದು ಅದೇ ದೀಪದ ಕೆಳಗೆ. ಹೊಸ ಐದನೇ ಪುಟದಲ್ಲಿ ಅಣೆಕಟ್ಟಿಲ್ಲ. ಕಲ್ಲೇಶ ವಾಣಿಯ ಮನೆಯಲ್ಲಿ ಊಟಕ್ಕೆ ಕೂತಿದ್ದಾನೆ. ಅವಳ ಅಮ್ಮ ಬಡಿಸುತ್ತಿದ್ದಾರೆ. ಅವನು ತಲೆ ಎತ್ತಿ ಬಲ್ಬ್ ನೋಡುತ್ತಾನೆ. “ಅಮ್ಮ, ಸ್ವಲ್ಪ ಲೈಟ್ ಆರಿಸ್ತೀರಾ?” ಅನ್ನುತ್ತಾನೆ. ಮುಂದಿನ ಪ್ಯಾನೆಲ್ ಪೂರ್ತಿ ಕಪ್ಪು. ಕತ್ತಲಲ್ಲಿ ಅವನು ಊಟ ಮಾಡುವ ಸದ್ದು ಮಾತ್ರ.

ಅಮ್ಮ, ಹಸು, ಹಗ್ಗದ ಗಂಟು ಇದರಲ್ಲಿ ಒಂದೂ ಇನ್ನೂ ಬಂದಿಲ್ಲ. 40ನೇ ಪುಟದಲ್ಲಿ ಒಂದು ಚಿಕ್ಕ ಪ್ಯಾನೆಲ್ ಇದೆ, ಬೇಸಿಗೆಯಲ್ಲಿ ಹಿನ್ನೀರು ಇಳಿದು ಮೇಲೆ ಬಂದ ಒಣ ಮರದ ಬೊಡ್ಡೆ. ಅದಕ್ಕೆ ಒಂದು ಹಗ್ಗದ ತುಂಡು ಸುತ್ತಿಕೊಂಡಿದೆ. ಅದನ್ನು ಅಜ್ಜಿಗೆ ತೋರಿಸಿದೆ. ತುಂಬಾ ಹೊತ್ತು ನೋಡಿದರು.