ಓದುಗರ ಪ್ರಶ್ನೆ: ನಳಿಗೆಯ ನೀಲಿಗಪ್ಪು ಮರಳಿ ಬರುವುದೇ?

ಪ್ರಶ್ನೆ: ನಮ್ಮದು ಮೂಡಿಗೆರೆ ತಾಲ್ಲೂಕಿನ ಕಾಫಿ ತೋಟ. ತಂದೆಯವರ ನಂತರ ನನ್ನ ಹೆಸರಿಗೆ ಪರವಾನಗಿಯಾಗಿರುವ 12 ಬೋರಿನ ಜೋಡುನಳಿಗೆ ಕೋವಿಯೊಂದಿದೆ. ಚುನಾವಣೆಯ ಸಮಯದಲ್ಲಿ ಒಪ್ಪಿಸಿದ್ದ ಕೋವಿ ಮರಳಿ ಬಂದಾಗ ನಳಿಗೆಯ ಮೇಲೆಲ್ಲ ಕೆಂಪು ತುಕ್ಕು ಕುಳಿತಿತ್ತು. ಕೆಲವೆಡೆ ನೀಲಿಗಪ್ಪು ಹೋಗಿ ಬರಿಯ ಉಕ್ಕು ಕಾಣುತ್ತಿದೆ. ಬೈಕಿನ ಬಿಡಿಭಾಗಗಳಿಗೆ ಪಾಲಿಶ್ ಹಾಕುವವರೊಬ್ಬರು ಒಂದೇ ದಿನದಲ್ಲಿ ಹೊಸದರಂತೆ ಮಾಡಿಕೊಡುತ್ತೇನೆ ಎನ್ನುತ್ತಾರೆ. ಕೊಡಬಹುದೇ?

ಉತ್ತರ: ದಯವಿಟ್ಟು ಕೊಡಬೇಡಿ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮಿನಂತೆ, ಅದಕ್ಕೆಂದೇ ಪರವಾನಗಿ ಪಡೆಯದವರು ಕೋವಿಯ ದುರಸ್ತಿಯನ್ನು ಕೈಗೆತ್ತಿಕೊಳ್ಳುವಂತಿಲ್ಲ. ಇನ್ನೂ ದೊಡ್ಡ ಅಪಾಯವಿರುವುದು 8ನೇ ಕಲಮಿನಲ್ಲಿ. ಕೋವಿಯ ಮೇಲೆ ಒತ್ತಿರುವ ಸಂಖ್ಯೆಯನ್ನಾಗಲಿ ಗುರುತನ್ನಾಗಲಿ ಅಳಿಸುವುದು ಅಪರಾಧ. ಅಳಿಸಿದ ಕೋವಿ ಯಾರ ಬಳಿ ಇದೆಯೋ ಅವರೇ ಅಳಿಸಿದ್ದಾರೆಂದು, ಬೇರೆ ರೀತಿ ಸಾಬೀತಾಗುವವರೆಗೆ, ಕಾನೂನು ಭಾವಿಸುತ್ತದೆ. ಪಾಲಿಶಿಗೆ ಬಳಸುವ, ಓಡುವ ಬಫಿಂಗ್ ಚಕ್ರಕ್ಕೆ ಅಕ್ಷರ, ಅಂಕಿಗಳ ಮೇಲೆ ಯಾವ ಕನಿಕರವೂ ಇಲ್ಲ. ಕೋವಿ ರಿಪೇರಿಯ ಕೆಲಸಕ್ಕೆ ಬಂದ ಹೊಸದರಲ್ಲಿ ನಾನೇ ಒಂದು ಹಳೆಯ ನಳಿಗೆಯನ್ನು ಚಕ್ರಕ್ಕೆ ಹಿಡಿದಿದ್ದೆ. ಅರ್ಧ ನಿಮಿಷದೊಳಗೆ ತಯಾರಕರ ಹೆಸರಿನ ಅಂಚುಗಳು ಬಾಯಲ್ಲಿಟ್ಟ ಪೆಪ್ಪರ್ಮಿಂಟಿನಂತೆ ಸವೆದು ದುಂಡಗಾದವು. ಸಂಖ್ಯೆ ಉಳಿದದ್ದು ನನ್ನ ಪುಣ್ಯ.

ನೀಲಿಗಪ್ಪನ್ನು ಮೇಲೆ ಬಳಿದ ಬಣ್ಣವೆಂದು ಹಲವರು ತಿಳಿದಿದ್ದಾರೆ. ಅದು ಉಕ್ಕಿನ ಮೈಯೇ ಆಮ್ಲಜನಕದೊಡನೆ ಸೇರಿ ಆದ ಕಪ್ಪು ಆಕ್ಸೈಡಿನ ತೆಳುಪದರ. ಕೆಂಪು ತುಕ್ಕಿಗೂ ಇದಕ್ಕೂ ದಾಯಾದಿ ಸಂಬಂಧ. ಕೆಂಪು ಸಡಿಲವಾಗಿ ಉದುರುತ್ತಾ ಉಕ್ಕನ್ನು ತಿನ್ನುತ್ತದೆ, ಕಪ್ಪು ಬಿಗಿಯಾಗಿ ಅಂಟಿ ಎಣ್ಣೆಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಈ ವ್ಯತ್ಯಾಸವೇ ನಿಮಗೆ ಅನುಕೂಲಕರ. ಕೆಂಪು ತುಕ್ಕು ಮೆದುವಾದುದರಿಂದ, ಅವಸರಪಡದಿದ್ದರೆ, ಅದನ್ನಷ್ಟೇ ತೆಗೆದು ಕಪ್ಪನ್ನು ಉಳಿಸಿಕೊಳ್ಳಬಹುದು.

ಕೋವಿಯಲ್ಲಿ ತೋಟಾ ಇಲ್ಲವೆಂದು ಎರಡು ಬಾರಿ ನೋಡಿಕೊಂಡು ನಳಿಗೆಯನ್ನು ಬಿಚ್ಚಿರಿ. ತುಕ್ಕಿನ ಮೇಲೆ ತೆಳುವಾದ ಎಣ್ಣೆ ಸವರಿ ಒಂದು ರಾತ್ರಿ ಬಿಡಿ; ಬೆಳಿಗ್ಗೆ ಅತಿ ನುಣುಪಾದ, ನಾಲ್ಕು ಸೊನ್ನೆಯ (0000) ಉಕ್ಕಿನ ನಾರನ್ನು (ಸ್ಟೀಲ್ ವೂಲ್) ಎಣ್ಣೆಯಲ್ಲಿ ಅದ್ದಿ, ಬೆರಳಿನ ಭಾರವಷ್ಟೇ ಬೀಳುವಂತೆ ಉಜ್ಜಿ, ಹತ್ತಿಬಟ್ಟೆಯಿಂದ ಒರೆಸಿ ನೋಡುತ್ತಾ ಹೋಗಿ. ಬಟ್ಟೆಗೆ ಕಂದು ಹತ್ತುವುದು ನಿಂತಾಗ ನೀವೂ ನಿಲ್ಲಿಸಿ. ಗಟ್ಟಿಯಾಗಿ ಕುಳಿತ ಚುಕ್ಕೆಗಳನ್ನು ಹಿಂದಿನವರು ತಾಮ್ರದ ಕಾಸಿನ ಅಂಚಿನಿಂದ ಕೆರೆಯುತ್ತಿದ್ದರು, ತಾಮ್ರ ಉಕ್ಕಿಗಿಂತ ಮೆದುವಾದ್ದರಿಂದ ಗೀರು ಬೀಳುತ್ತಿರಲಿಲ್ಲ. ಈಗಿನ ಒಂದು, ಎರಡು ರೂಪಾಯಿಯ ನಾಣ್ಯಗಳು ಸ್ಟೀಲಿನವು, ಅವನ್ನು ಮುಟ್ಟಿಸಬೇಡಿ. ದಪ್ಪ ತಾಮ್ರದ ತಂತಿಯ ತುದಿಯನ್ನು ಬಡಿದು ಚಪ್ಪಟೆ ಮಾಡಿಕೊಂಡರೆ ಸಾಕು. ಹಿತ್ತಾಳೆ ಪಾತ್ರೆಗೆ ಹಚ್ಚುವ ಹುಣಸೆಹುಳಿ, ನಿಂಬೆಹಣ್ಣುಗಳನ್ನು ಮಾತ್ರ ಹತ್ತಿರ ತರಬೇಡಿ. ಹುಳಿಗೆ ಕೆಂಪು, ಕಪ್ಪು ಎಂಬ ಭೇದವಿಲ್ಲ, ಎರಡನ್ನೂ ಕಿತ್ತುಬಿಡುತ್ತದೆ.

ಬಣ್ಣ ಪೂರ್ತಿ ಹೋದ ಭಾಗದ ಮಾತು ಬೇರೆ. ಅಲ್ಲಿ ನಳಿಗೆಗೆ ಮತ್ತೆ ಬ್ಲೂಯಿಂಗ್, ಅಂದರೆ ನೀಲಿಗಪ್ಪು ಬರಿಸುವ ಕೆಲಸ, ಮಾಡಿಸಲೇಬೇಕಾಗುತ್ತದೆ. ಪರವಾನಗಿ ಹೊಂದಿದ ಕೋವಿ ರಿಪೇರಿಯವರ ಬಳಿಗೆ ಹೋದಾಗ ಯಾವ ವಿಧಾನದಲ್ಲಿ ಮಾಡುತ್ತೀರೆಂದು ಮೊದಲು ಕೇಳಿ. ಕಾಸ್ಟಿಕ್ ಸೋಡಾ ಮತ್ತು ನೈಟ್ರೇಟ್ ಉಪ್ಪುಗಳ ಸುಮಾರು 140 ಡಿಗ್ರಿ ಸೆಲ್ಸಿಯಸ್ ಬಿಸಿಯ ತೊಟ್ಟಿಯಲ್ಲಿ ಮುಳುಗಿಸುವ ವಿಧಾನ ಒಂಟಿನಳಿಗೆಗೆ ಸರಿ. ಜೋಡುನಳಿಗೆಯಲ್ಲಿ ಎರಡು ಕೊಳವೆಗಳೂ ನಡುವಿನ ಪಟ್ಟಿಯೂ ತವರ ಮತ್ತು ಸೀಸದ ಬೆಸುಗೆಯಿಂದ ಕೂಡಿರುತ್ತವೆ. ಆ ಕ್ಷಾರ ಬೆಸುಗೆಯನ್ನು ತಿನ್ನುವುದಲ್ಲದೆ ಪಟ್ಟಿಯ ಅಡಿಗೆ ನುಸುಳಿ ಅಲ್ಲಿಯೇ ಉಳಿಯುತ್ತದೆ. ಹೀಗೆ ಮಾಡಿಸಿ ತಂದ ನಳಿಗೆಯೊಂದರ ಪಟ್ಟಿಯ ಸಂದಿನಿಂದ ವಾರಗಳ ನಂತರ ಬಿಳಿಯ ಹುಡಿ ಹೊರಬರುತ್ತಿದ್ದುದನ್ನು ನಾನು ಕಂಡಿದ್ದೇನೆ. ಕೊಡುವ ಮುಂಚೆ ಬಿಚ್ಚಿದ ನಳಿಗೆಯನ್ನು ದಾರದಲ್ಲಿ ತೂಗುಹಾಕಿ ಬೆರಳಗಂಟಿನಿಂದ ಬಡಿದು ನೋಡಿ. ಗಂಟೆಯಂತೆ ನಾದ ಹೊಮ್ಮಿದರೆ ಪಟ್ಟಿ ಭದ್ರವಾಗಿದೆ, ಒಡಕುಮಡಕೆಯ ಸದ್ದು ಬಂದರೆ ಬೆಸುಗೆ ಬಿಟ್ಟಿದೆ ಎಂದರ್ಥ.

ಜೋಡುನಳಿಗೆಗೆ ಒಪ್ಪುವುದು ತುಕ್ಕಿನಿಂದಲೇ ಮಾಡುವ ಹಳೆಯ ಪದ್ಧತಿ. ಗೀರುಗಳನ್ನು ಕೈಯಿಂದಲೇ, ಮರದ ತುಂಡಿಗೆ ಸುತ್ತಿದ ಎಮರಿ ಕಾಗದದಿಂದ 220, 320, 400 ನಂಬರೆಂದು ನುಣುಪಾಗಿಸುತ್ತಾ ತೆಗೆಯುತ್ತಾರೆ. ಕಪ್ಪು ಪದರ ಯಾವ ಗೀರನ್ನೂ ಮುಚ್ಚುವುದಿಲ್ಲವಾದ್ದರಿಂದ ಅರ್ಧಕ್ಕಿಂತ ಹೆಚ್ಚು ದುಡಿಮೆ ಇಲ್ಲಿಯೇ ಮುಗಿಯುತ್ತದೆ. ಜಿಡ್ಡು ತೆಗೆದು, ಕೊಳವೆಗಳ ಬಾಯಿಗೆ ಮರದ ಬಿರಟೆ ಬಡಿದು, ತುಕ್ಕು ಹಿಡಿಸುವ ದ್ರಾವಣವನ್ನು ತೆಳುವಾಗಿ ಸವರಿ ತೇವದ ಕೋಣೆಯಲ್ಲಿಟ್ಟರೆ ಕೆಲವು ಗಂಟೆಗಳಲ್ಲಿ ಕೆಂಪು ತುಕ್ಕಿನ ನಯವಾದ ಹೊದಿಕೆ ಬರುತ್ತದೆ. ಶುದ್ಧ ನೀರಿನಲ್ಲಿ ಕುದಿಸಿದಾಗ ಆ ಕೆಂಪು ಕಣ್ಣೆದುರೇ ಮಖಮಲ್ಲಿನಂಥ ಕಪ್ಪಾಗುತ್ತದೆ. ಸಡಿಲಾದದ್ದನ್ನು ಉಕ್ಕಿನ ನಾರಿನಿಂದ ಉದುರಿಸಿ ಮತ್ತೆ ಮೊದಲಿನಿಂದ, ಹೀಗೆ ಆರೆಂಟು ಸುತ್ತು. ಒಂದು ದಿನದಲ್ಲಿ ಆಗುವ ಕೆಲಸ ಇದಲ್ಲ. ನಿಮ್ಮ ಕೋವಿಯನ್ನು ಕೆಡಿಸಿದ ಮಲೆನಾಡಿನ ಥಂಡಿಯೇ ಈ ಕೆಲಸಕ್ಕೆ ಬೇಕಾದ ಹವೆ ಎಂಬುದು ಒಂದು ತಮಾಷೆ.

ಪ್ರಶ್ನೆ: ಸೀಸೆಯಲ್ಲಿ ಸಿಗುವ, ಬಿಸಿ ಮಾಡದೆ ಹಚ್ಚುವ ಬ್ಲೂಯಿಂಗ್ ದ್ರಾವಣ ಪ್ರಯೋಜನಕಾರಿಯೇ? (ಓದುಗರು, ಬೇಲೂರು)

ಉತ್ತರ: ತಿರುಪಿನ ತಲೆಗೆ, ಉಗುರಿನಷ್ಟು ಸವೆದ ಜಾಗಕ್ಕೆ ಸಾಕು. ಇಡೀ ನಳಿಗೆಗೆ ಹಚ್ಚಿದರೆ ತೇಪೆ ತೇಪೆಯಾಗಿ ಕಾಣುತ್ತದೆ, ಕೈ ತಾಗುವಲ್ಲಿ ಬೇಗ ಸವೆಯುತ್ತದೆ. ಇವುಗಳಲ್ಲಿ ಸಾಮಾನ್ಯವಾಗಿ ಇರುವ ಸೆಲೆನಿಯಂ ಸಂಯುಕ್ತ ವಿಷ. ಕೈಗವಸು ಹಾಕಿ, ಕಿಟಕಿ ತೆರೆದು, ಮಕ್ಕಳನ್ನು ದೂರವಿಟ್ಟು ಬಳಸಿ.

ಪ್ರಶ್ನೆ: ಮಳೆಗಾಲದಲ್ಲಿ ಕೋವಿಯನ್ನು ಚರ್ಮದ ಚೀಲದಲ್ಲಿ ಇಡುತ್ತಿದ್ದೇವೆ. ಆದರೂ ತುಕ್ಕು ಬರುತ್ತದೆ. (ಓದುಗರು, ಸಕಲೇಶಪುರ)

ಉತ್ತರ: ಆ ಚೀಲದಿಂದಲೇ ಬರುತ್ತದೆ. ಚರ್ಮ ತೇವವನ್ನು ಹೀರಿ ಉಕ್ಕಿಗೆ ಒತ್ತಿ ಹಿಡಿಯುತ್ತದೆ. ಬೀಗವಿರುವ ಒಣ ಕಪಾಟಿನಲ್ಲಿ, ಗಾಳಿಯಾಡುವಂತೆ ನಿಲ್ಲಿಸಿ. ಮುಟ್ಟಿದ ಪ್ರತಿ ಸಲವೂ ಎಣ್ಣೆಬಟ್ಟೆಯಿಂದ ಒರೆಸಿ. ಬೆವರಿನ ಉಪ್ಪಿನಿಂದ ಹೆಬ್ಬೆರಳಿನ ಗೆರೆಗಳು ಹಾಗೆಯೇ ಕಂದು ತುಕ್ಕಾಗಿ ಮೂಡಿದ್ದ ನಳಿಗೆಗಳು ನಮ್ಮಲ್ಲಿಗೆ ಬಂದಿವೆ. ಕೊಬ್ಬರಿ ಎಣ್ಣೆ ಬೇಡ, ಅದು ಚಳಿಗೆ ಹೆಪ್ಪುಗಟ್ಟುತ್ತದೆ. ಚುನಾವಣೆಗೆ ಒಪ್ಪಿಸುವಾಗಲಂತೂ ಎಣ್ಣೆ ಸಾಲದು. ಒಳಗೂ ಹೊರಗೂ ಗ್ರೀಸನ್ನು ತೆಳುವಾಗಿ ಬಳಿದು, ಕೋವಿ ಯಾವ ಸ್ಥಿತಿಯಲ್ಲಿದೆ ಎಂಬುದನ್ನು ರಸೀದಿಯಲ್ಲಿ ಬರೆಸಿಕೊಳ್ಳಿ. ಮರಳಿ ಬಂದ ಮೇಲೆ ಗ್ರೀಸನ್ನು, ಮುಖ್ಯವಾಗಿ ಕೊಳವೆಯ ಒಳಗಿನದನ್ನು, ಪೂರ್ತಿ ತೆಗೆಯದೆ ತೋಟಾ ತುಂಬಬೇಡಿ.