ಮನೆಮಂದಿಗೆಲ್ಲ ಒಂದು ಹೊತ್ತು ಕೊರಿಯನ್ ಊಟ ಹಾಕಬೇಕು, ಎಲ್ಲಿಂದ ಶುರು ಮಾಡಲಿ?

ನೀವು ಕೇಳಿದ್ದು ಇಷ್ಟು: ಮಗಳಿಗೆ ಕೊರಿಯನ್ ಸೀರಿಯಲ್ ಹುಚ್ಚು. ಒಂದು ಭಾನುವಾರ ಮನೆಯವರೆಲ್ಲ ಕೂತು ಕೊರಿಯನ್ ಊಟ ಮಾಡಬೇಕು. ಆದರೆ ಅತ್ತೆ ಮೀನು-ಮಾಂಸ ಮುಟ್ಟುವುದಿಲ್ಲ, ಮಾವನಿಗೆ ಖಾರ ಆಗುವುದಿಲ್ಲ. ಆಗುತ್ತದಾ?

ಖಂಡಿತ ಆಗುತ್ತದೆ. ನನ್ನ ಗಂಡ ಕೊರಿಯಾದವರು, ಅವರ ಊರು ದೇಗು. ನಾನೂ ಮಾಂಸ ತಿನ್ನುವುದಿಲ್ಲ. ಹಾಗಾಗಿ ನಮ್ಮತ್ತೆಯ ಪಕ್ಕ ನಿಂತು ನಾನು ಕಲಿತದ್ದೆಲ್ಲ ನಿಮ್ಮ ಮನೆಗೂ ಹೊಂದುತ್ತದೆ.

ಮೊದಲು ರಾಮ್ಯನ್ ನೂಡಲ್ಸ್, ಟೊಕ್‌ಬೊಕ್ಕಿ (ಖಾರದ ಸಾಸಿನಲ್ಲಿ ಬೇಯಿಸಿದ ಅಕ್ಕಿ ಕಡುಬು) ಬಿಡಿ. ಮಗಳು ಅದನ್ನೇ ಕೇಳುತ್ತಾಳೆ, ಗೊತ್ತು. ಅವನ್ನು ಇನ್ನೊಂದು ಸಂಜೆ ತಿಂಡಿಗೆ ಮಾಡಿಕೊಡಿ. ಮನೆಯ ಊಟ ಅಂದರೆ ಅನ್ನ, ಒಂದು ಸಾರು, ಕಿಮ್ಚಿ (ಉಪ್ಪು-ಖಾರ ಹಾಕಿ ಹುದುಗಿಸಿದ ತರಕಾರಿ), ಜೊತೆಗೆ ಎರಡು-ಮೂರು ಬಾನ್‌ಚಾನ್. ಚಿಕ್ಕ ಚಿಕ್ಕ ತಟ್ಟೆಯಲ್ಲಿ ಮೇಜಿನ ನಡುವೆ ಇಡುವ ಪಲ್ಯ, ಕೋಸಂಬರಿ ಥರದ್ದೆಲ್ಲ ಬಾನ್‌ಚಾನ್. ಹಳೇ ಪದ್ಧತಿಯಲ್ಲಿ ಇದಕ್ಕೊಂದು ಲೆಕ್ಕ ಇತ್ತು: 3, 5, 7, 9, ಅರಸನಿಗೆ 12. ಅನ್ನ, ಸಾರು, ಕಿಮ್ಚಿ ಈ ಲೆಕ್ಕಕ್ಕೆ ಸೇರುವುದಿಲ್ಲ. ನಿಮಗೆ ಮೂರು ಧಾರಾಳ.

ಈ ಊಟದಲ್ಲಿ ನನಗೆ ತುಂಬಾ ಇಷ್ಟವಾದ ಸಂಗತಿ, ಎಲ್ಲವೂ ಒಟ್ಟಿಗೇ ಮೇಜಿಗೆ ಬರುತ್ತದೆ. ಒಂದಾದ ಮೇಲೆ ಒಂದು ಬಡಿಸುತ್ತಾ ನಿಲ್ಲುವ ಕೆಲಸ ಇಲ್ಲ. ಅಡುಗೆ ಮಾಡಿದವರೂ ಉಳಿದವರ ಜೊತೆಗೇ ಕೂತು ಬಿಸಿಬಿಸಿ ಉಣ್ಣಬಹುದು. ಹಬ್ಬದ ದಿನ ಅಲ್ಲೂ ಸೊಸೆಯಂದಿರ ಬೆನ್ನು ಮುರಿಯುತ್ತದೆ, ಅದು ಬೇರೆ ಮಾತು. ದಿನದ ಊಟದಲ್ಲಿ ಮಾತ್ರ ಈ ಸೌಕರ್ಯ ನಿಜಕ್ಕೂ ಇದೆ. ನೀವು ಏನು ಮಾಡಬೇಕು ಅಂತ ಆರಿಸುವಾಗಲೂ ಇದನ್ನೇ ನೋಡಿ. ಬಾನ್‌ಚಾನ್ ತಣ್ಣಗಿದ್ದರೂ ನಡೆಯುತ್ತದೆ, ಬೆಳಿಗ್ಗೆಯೇ ಮಾಡಿಡಿ. ಊಟದ ಹೊತ್ತಿಗೆ ಬಿಸಿ ಇರಬೇಕಾದದ್ದು ಅನ್ನ ಮತ್ತು ಸಾರು, ಎರಡೇ.

ಅನ್ನ ಚಾಪ್‌ಸ್ಟಿಕ್‌ನಲ್ಲೂ ಎತ್ತುವಷ್ಟು ಅಂಟಬೇಕು. ಗಿಡ್ಡ ಕಾಳಿನ ಕೊರಿಯನ್ ಅಥವಾ ಜಪಾನಿ ಅಕ್ಕಿ ಸಿಕ್ಕರೆ ಸರಿ. ಇಲ್ಲವಾದರೆ ನಮ್ಮಲ್ಲೇ ಸಿಗುವ ಗಿಡ್ಡ ಕಾಳಿನ ಹೊಸ ಅಕ್ಕಿ ತನ್ನಿ. ನಾವು ಹಳೇ ಅಕ್ಕಿ ಹುಡುಕುತ್ತೇವೆ, ಅಲ್ವಾ? ಅಲ್ಲಿ ಆ ವರ್ಷದ ಹೊಸ ಅಕ್ಕಿಗೇ ಬೆಲೆ ಜಾಸ್ತಿ, ಯಾಕೆಂದರೆ ಅದು ಚೆನ್ನಾಗಿ ಅಂಟುತ್ತದೆ. ತೊಳೆದು ಅರ್ಧ ಗಂಟೆ ನೆನೆಸಿ. ನೀರು ಅಕ್ಕಿಯಷ್ಟೇ, ಅಥವಾ ಒಂಚೂರು ಮೇಲೆ. ಉಪ್ಪು, ಎಣ್ಣೆ ಏನೂ ಬೇಡ.

ಎರಡನೇ ಸಲ ತೊಳೆದ ಅಕ್ಕಚ್ಚು ಚೆಲ್ಲಬೇಡಿ. ಅದರಲ್ಲೇ ಸಾರು. ಒಂದು ಲೀಟರ್ ಅಕ್ಕಚ್ಚಿಗೆ ನಾಲ್ಕೈದು ಒಣ ಶಿಟಾಕೆ ಅಣಬೆ, ಅಂಗೈಯಷ್ಟು ದಾಶಿಮಾ ಹಾಕಿ ಅರ್ಧ ಗಂಟೆ ನೆನೆಸಿ. ದಾಶಿಮಾ ಅನ್ನುವುದು ಒಣಗಿಸಿದ ದಪ್ಪ ಕಡಲಪಾಚಿ. ಆಮೇಲೆ ಒಲೆಗೆ ಇಡಿ, ಕುದಿ ಬಂದ ಸ್ವಲ್ಪ ಹೊತ್ತಿಗೆ ದಾಶಿಮಾ ತೆಗೆದುಬಿಡಿ. ಜಾಸ್ತಿ ಕುದಿಸಿದರೆ ಲೋಳೆಯಾಗಿ ಕಹಿ ಬರುತ್ತದೆ. ಸಾಮಾನ್ಯವಾಗಿ ಇಲ್ಲಿಗೆ ಒಣ ಮೀನು ಹಾಕುತ್ತಾರೆ. ನಮ್ಮತ್ತೆ ನನಗೋಸ್ಕರ ಅದನ್ನು ಬಿಟ್ಟು ಅಣಬೆ ಜಾಸ್ತಿ ಮಾಡಿದರು, ಈಗ ಮನೆಯವರೆಲ್ಲ ಅದನ್ನೇ ಕೇಳುತ್ತಾರೆ. ಈ ನೀರಿಗೆ ಆಲೂಗಡ್ಡೆ, ಜುಕಿನಿ, ಈರುಳ್ಳಿ ಹಾಕಿ. ಎರಡು ದೊಡ್ಡ ಚಮಚ ದ್ವೆನ್‌ಜಾಂಗ್ ಕದಡಿ. ಇದು ಸೋಯಾ ಕಾಳನ್ನು ಬೇಯಿಸಿ, ಉಂಡೆ ಕಟ್ಟಿ, ಉಪ್ಪುನೀರಿನಲ್ಲಿ ತಿಂಗಳುಗಟ್ಟಲೆ ಹುದುಗಿಸಿ ಮಾಡುವ ಮುದ್ದೆ. ಅದರಲ್ಲೇ ಉಪ್ಪು ಬೇಕಾದಷ್ಟಿದೆ, ಬೇರೆ ಹಾಕುವ ಮುಂಚೆ ರುಚಿ ನೋಡಿ. ಕೊನೆಗೆ ತೋಫು. ಖಾರ ಇಲ್ಲ, ಮಾವನಿಗೆ ಹೇಳಿ ಮಾಡಿಸಿದಂತಿರುತ್ತದೆ.

ಕೊಳ್ಳುವಾಗ ದ್ವೆನ್‌ಜಾಂಗ್ ಡಬ್ಬಿಯ ಮೇಲಿನ ಬರಹ ಓದಿ. ಕೆಲವದರಲ್ಲಿ ಒಣ ಮೀನು, ಚಿಪ್ಪುಮೀನಿನ ಪುಡಿ ಬೆರೆಸಿರುತ್ತಾರೆ. ಕಿಮ್ಚಿಯಂತೂ ಇನ್ನೂ ಹುಷಾರು. ಅಂಗಡಿಯ ಕಿಮ್ಚಿಯಲ್ಲಿ ಸಾಮಾನ್ಯವಾಗಿ ಉಪ್ಪು ಹಾಕಿದ ಸೀಗಡಿ ಅಥವಾ ಮೀನಿನ ರಸ ಇದ್ದೇ ಇರುತ್ತದೆ. ಅತ್ತೆಗೆ ಬಡಿಸುವ ಮುಂಚೆ ಇದು ನಿಮಗೆ ಗೊತ್ತಿರಬೇಕು. ತರಕಾರಿ ತಾನೇ ಅಂತ ಸುಮ್ನೆ ಇಟ್ಟುಬಿಡುವುದು ನನಗೆ ಸರಿ ಕಾಣುವುದಿಲ್ಲ.

ಅದಕ್ಕೇ ಗೊತ್‌ಜೊರಿ ಮಾಡಿ, ಹುದುಗಿಸದೆ ಆಗಿಂದಾಗಲೇ ತಿನ್ನುವ ಕಿಮ್ಚಿ. ಚೈನೀಸ್ ಕ್ಯಾಬೇಜ್ ಹರಿದು ಉಪ್ಪು ಸವರಿ ಅರ್ಧ-ಮುಕ್ಕಾಲು ಗಂಟೆ ಬಿಡಿ, ತೊಳೆದು ನೀರು ಸೋರಿಸಿ. ಬೆಳ್ಳುಳ್ಳಿ, ಶುಂಠಿ, ಈರುಳ್ಳಿ ಸೊಪ್ಪು, ಸೋಯಾ ಸಾಸ್, ಚಿಟಿಕೆ ಸಕ್ಕರೆ, ಮೆಣಸಿನಪುಡಿ ಹಾಕಿ ಕೈಯಲ್ಲಿ ಕಲಸಿ. ಅವರ ಗೊಚುಗಾರು ಪುಡಿ ಸಿಗದಿದ್ದರೆ ಬ್ಯಾಡಗಿ ಮೆಣಸಿನಕಾಯಿ ಬೀಜ ತೆಗೆದು ತರಿತರಿಯಾಗಿ ಪುಡಿ ಮಾಡಿ. ಬಣ್ಣ ಜಾಸ್ತಿ, ಖಾರ ಕಮ್ಮಿ, ಇದಕ್ಕೆ ಬೇಕಾದದ್ದೂ ಅದೇ. ಮಾವನ ಪಾಲನ್ನು ಪುಡಿ ಹಾಕುವ ಮುಂಚೆಯೇ ತೆಗೆದಿಡಿ. ಕೊರಿಯಾದಲ್ಲೂ ಖಾರ ಇಲ್ಲದ ಬಿಳಿ ಕಿಮ್ಚಿ ಉಂಟು, ಅವರಿಗೇನೂ ಬೇರೆ ಅಡುಗೆ ಹಾಕಿದಂತೆ ಆಗುವುದಿಲ್ಲ.

ಉಳಿದ ಬಾನ್‌ಚಾನ್ ಸುಲಭ. ಪಾಲಕ್ ಸೊಪ್ಪನ್ನು ಕುದಿಯುವ ನೀರಿನಲ್ಲಿ ಅರ್ಧ ನಿಮಿಷ ಅದ್ದಿ ತೆಗೆದು, ತಣ್ಣೀರಿಗೆ ಹಾಕಿ, ಗಟ್ಟಿಯಾಗಿ ಹಿಂಡಿ. ಬೆಳ್ಳುಳ್ಳಿ, ಉಪ್ಪು, ಎಳ್ಳೆಣ್ಣೆ, ಹುರಿದ ಎಳ್ಳು ಹಾಕಿ ಕಲಸಿ. ಎಣ್ಣೆಯ ವಿಷಯದಲ್ಲಿ ನಮ್ಮವರು ಎಡವುತ್ತಾರೆ. ಅವರು ಎಳ್ಳನ್ನು ಚೆನ್ನಾಗಿ ಹುರಿದು ಎಣ್ಣೆ ತೆಗೆಯುತ್ತಾರೆ, ನಮ್ಮ ಎಳ್ಳೆಣ್ಣೆಗೆ ಆ ಘಮ ಬರುವುದಿಲ್ಲ. ಒಂದು ಚಿಕ್ಕ ಸೀಸೆ ಕೊಂಡುಬಿಡಿ, ದುಡ್ಡು ದಂಡವಾಗುವುದಿಲ್ಲ. ಇನ್ನೆರಡಕ್ಕೆ ತೋಫು ಬಿಲ್ಲೆಗಳನ್ನು ಕಾವಲಿಯಲ್ಲಿ ಕೆಂಪಗೆ ಹುರಿದು ಸೋಯಾ ಸಾಸ್ ಚಿಮುಕಿಸಿ, ಆಲೂಗಡ್ಡೆ ತೆಳ್ಳಗೆ ಸೀಳಿ ಉಪ್ಪು ಹಾಕಿ ಬಾಡಿಸಿ. ಇಷ್ಟೇ.

ಮೇಜಿನ ಮೇಲೆ ಪ್ರತಿಯೊಬ್ಬರಿಗೂ ಅನ್ನದ ಬಟ್ಟಲು ಎಡಕ್ಕೆ, ಸಾರಿನ ಬಟ್ಟಲು ಬಲಕ್ಕೆ. ಅನ್ನ, ಸಾರು ಚಮಚದಲ್ಲಿ, ಉಳಿದದ್ದು ಚಾಪ್‌ಸ್ಟಿಕ್‌ನಲ್ಲಿ. ಬಟ್ಟಲನ್ನು ಕೈಗೆತ್ತಿಕೊಂಡು ತಿನ್ನುವುದಿಲ್ಲ. ಚಮಚವನ್ನು ಅನ್ನದಲ್ಲಿ ನೆಟ್ಟಗೆ ಚುಚ್ಚಿ ಇಡಬಾರದು, ಹಾಗೆ ಮಾಡುವುದು ಪಿತೃಗಳಿಗೆ ಎಡೆ ಇಡುವಾಗ. ಹಿರಿಯರು ಚಮಚ ಎತ್ತಿದ ಮೇಲೆ ಉಳಿದವರು ಶುರು ಮಾಡುತ್ತಾರೆ, ಅಂದರೆ ನಿಮ್ಮ ಮಾವ ಮೊದಲು. ತಿನ್ನುವ ಮುಂಚೆ ಎಲ್ಲರೂ "ಛಲ್ ಮೊಕ್ಕೆಸ್ಸುಮ್ನಿದಾ" ಅನ್ನುತ್ತಾರೆ, ಚೆನ್ನಾಗಿ ಉಣ್ಣುತ್ತೇನೆ ಅಂತ. ಇದನ್ನು ಹೇಳಿಕೊಡುವ ಕೆಲಸ ಮಗಳಿಗೇ ಕೊಡಿ. ಅತ್ತೆಗೆ ಚಾಪ್‌ಸ್ಟಿಕ್ ಕಷ್ಟವಾದರೆ ಕೈಯಲ್ಲೇ ತಿನ್ನಲಿ. ಕೊರಿಯಾದವರೂ ಲೆಟ್ಯೂಸ್ ಎಲೆಯಲ್ಲಿ ಅನ್ನ ಸುತ್ತಿ ಕೈಯಲ್ಲೇ ಬಾಯಿಗಿಡುತ್ತಾರೆ, ಪಕ್ಕದವರ ಬಾಯಿಗೂ ಇಡುತ್ತಾರೆ.

ಬಾನ್‌ಚಾನ್ ಮಾಡುವಾಗ ಸ್ವಲ್ಪ ಜಾಸ್ತಿಯೇ ಮಾಡಿ ಫ್ರಿಜ್‌ನಲ್ಲಿಡಿ. ಸೋಮವಾರ ರಾತ್ರಿ ಬಿಸಿ ಅನ್ನದ ಮೇಲೆ ಉಳಿದ ಪಾಲಕ್, ಆಲೂಗಡ್ಡೆ ಹರಡಿ, ಒಂದು ಚಮಚ ಗೊಚುಜಾಂಗ್ (ಹುದುಗಿಸಿದ ಮೆಣಸಿನಕಾಯಿ ಮುದ್ದೆ), ಆ ಎಳ್ಳೆಣ್ಣೆ ಹಾಕಿ ಕಲಸಿಕೊಂಡರೆ ಬಿಬಿಂಬಾಪ್ ರೆಡಿ. ಮಾವನಿಗೆ ಗೊಚುಜಾಂಗ್ ಬದಲು ಸೋಯಾ ಸಾಸ್.